ಬಂಡೆಯ ಮೇಲೆ ಗೂಬೆ ಕೂರಿಸಬೇಡಿ

"ಕಲ್ಲಿನ ಗುಣ ಸಾರ್, ನಾವೇನು ಮಾಡೋಕಾಗುತ್ತೆ?"

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ತುಮಕೂರಿನಲ್ಲಿ ಬೋರ್‌ವೆಲ್ ನೀರು ಪರೀಕ್ಷೆಗೆ ಕೊಟ್ಟವರು ಯಾರನ್ನೇ ಕೇಳಿ. ವರದಿಯಲ್ಲಿ ಫ್ಲೋರೈಡ್ ಜಾಸ್ತಿ ಬಂದರೆ ಕಲ್ಲಿನ ಗುಣ. ಗಡಸು ಜಾಸ್ತಿ ಬಂದರೆ ಕಲ್ಲಿನ ಗುಣ. ನೈಟ್ರೇಟ್ ಜಾಸ್ತಿ ಬಂದರೆ? ಅದೂ ಕಲ್ಲಿನ ಗುಣ! ಬೋರ್ ಕೊರೆಯೋರು ಹೇಳ್ತಾರೆ, ನೀರು ನೋಡೋರು ತೆಂಗಿನಕಾಯಿ ಕೈಯಲ್ಲಿ ಹಿಡಿದುಕೊಂಡೇ ಹೇಳ್ತಾರೆ. ಒಂದು ಕಚೇರಿಯಲ್ಲಿ ನನಗೆ ಓದಿದವರೇ ಹೇಳಿದರು (ಯಾವ ಕಚೇರಿ ಅಂತ ಕೇಳಬೇಡಿ). ಮೊದಲ ಎರಡಕ್ಕೆ ನನ್ನ ತಕರಾರಿಲ್ಲ. ಮೂರನೆಯದಕ್ಕೆ ಇದೆ. ಅದಕ್ಕೇ ಈ ಬರಹ.

ಇತ್ತೀಚೆಗೆ ಈ ಮಾತಿಗೆ ವಿಜ್ಞಾನದ ಕೋಟೂ ಹಾಕಿದ್ದಾರೆ. "ಗ್ರಾನೈಟಿನಲ್ಲೂ ಸಾರಜನಕ ಇರುತ್ತೆ ಅಂತ ವಿಜ್ಞಾನಿಗಳೇ ಕಂಡುಹಿಡಿದಿದ್ದಾರೆ ಕಣ್ರೀ, ಅದೇ ಕರಗಿ ನೈಟ್ರೇಟ್ ಆಗುತ್ತೆ" ಅಂತ ವಾಟ್ಸಾಪಿನಲ್ಲಿ ಸಂದೇಶಗಳು ತಿರುಗುತ್ತಿವೆ. ನಮ್ಮ ಬ್ಲಾಗ್ ಬಳಗದವರೂ ಒಬ್ಬಿಬ್ಬರು ಇದನ್ನು ನಂಬಿದ್ದಾರೆ. ಅರ್ಧ ನಿಜ. ಪೂರ್ತಿ ಸುಳ್ಳಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅರ್ಧ ನಿಜ ಇದ್ದರೆ ಕೂತು ಲೆಕ್ಕ ಹಾಕಲೇಬೇಕು.

ಮೊದಲು ನಿಜವಾದ ಅರ್ಧ. ಹೌದು, ಗ್ರಾನೈಟಿನಲ್ಲಿ ಸಾರಜನಕ ಇದೆ. ಗಾಳಿಯಲ್ಲಿರುವ ಹಾಗೆ ಅನಿಲವಾಗಿ ಅಲ್ಲ (ಬೆಣಚುಕಲ್ಲಿನೊಳಗಿನ ಕಣ್ಣಿಗೆ ಕಾಣದ ಗುಳ್ಳೆಗಳಲ್ಲಿ ಚೂರು ಅನಿಲವೂ ಸಿಕ್ಕಿಕೊಂಡಿರುತ್ತೆ, ಅದು ಬೇರೆ ಮಾತು). ಬಹುಪಾಲು ಇರುವುದು ಅಮೋನಿಯಂ ರೂಪದಲ್ಲಿ. ಅಮೋನಿಯಂ ಅಯಾನು, ಪೊಟ್ಯಾಸಿಯಂ ಅಯಾನು, ಎರಡರ ಗಾತ್ರವೂ ಹೆಚ್ಚು ಕಡಿಮೆ ಒಂದೇ. ಅಮೋನಿಯಂ ಒಂದು ಚೂರು ದಪ್ಪ ಅಷ್ಟೇ. ವಿದ್ಯುದಂಶವೂ ಒಂದೇ. ಹಾಗಾಗಿ ಖನಿಜದ ಒಳಗೆ ಎಲ್ಲೆಲ್ಲಿ ಪೊಟ್ಯಾಸಿಯಂಗೆ ಜಾಗ ಇದೆಯೋ ಅಲ್ಲೆಲ್ಲ ಅಮೋನಿಯಂ ಬಂದು ಕೂತುಬಿಡುತ್ತೆ, ನಮ್ಮ ಗುಬ್ಬಿ ಬಸ್ಸಿನಲ್ಲಿ ಇನ್ನೊಬ್ಬರು ಟವೆಲ್ ಹಾಕಿಟ್ಟ ಸೀಟಿನಲ್ಲಿ ಕೂತ ಹಾಗೆ. ಅತಿ ಹೆಚ್ಚು ಸಿಗುವುದು ಬಯೋಟೈಟಿನಲ್ಲಿ, ಅಂದರೆ ನಮ್ಮ ಕಡೆ ಕಾಗೆಬಂಗಾರ ಅಂತೀವಲ್ಲ, ಆ ಅಭ್ರಕದ ಕಪ್ಪು ಜಾತಿಯಲ್ಲಿ. ಆಮೇಲೆ ಬಿಳಿ ಅಭ್ರಕ, ಆಮೇಲೆ ಪೊಟ್ಯಾಸಿಯಂ ಇರುವ ಗುಲಾಬಿ ಫೆಲ್ಡ್‌ಸ್ಪಾರ್. ಮಧುಗಿರಿಯ ಏಕಶಿಲಾ ಬೆಟ್ಟದ ಕಡೆಯೋ ಶಿವಗಂಗೆಗೋ ಹೋದವರು ಬಂಡೆಯಲ್ಲಿ ಹೆಬ್ಬೆರಳುಗಾತ್ರದ ಗುಲಾಬಿ ಹರಳುಗಳನ್ನು ನೋಡಿರಬಹುದು. ಅವೇ ಇವು. ಅಮೋನಿಯಂ ತುಂಬಿಕೊಂಡ ಫೆಲ್ಡ್‌ಸ್ಪಾರೇ ಒಂದು ಪ್ರತ್ಯೇಕ ಖನಿಜವಾಗಿ ಕ್ಯಾಲಿಫೋರ್ನಿಯಾದ ಒಂದು ಗಣಿಯಲ್ಲಿ ಸಿಕ್ಕಿ, 1964ರಲ್ಲಿ ಅದಕ್ಕೆ ಬಡಿಂಗ್‌ಟನೈಟ್ ಅಂತ ಹೆಸರನ್ನೂ ಇಟ್ಟರು.

ಹಾಗಾದರೆ ಎಷ್ಟಿರುತ್ತೆ? ಇಲ್ಲೇ ವಾಟ್ಸಾಪ್ ಪಂಡಿತರು ಬಾಯಿ ಮುಚ್ಚುವುದು. ಜಗತ್ತಿನ ಗ್ರಾನೈಟುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಹತ್ತಾರು ಪಿಪಿಎಂ. ಅಂದರೆ ಒಂದು ಟನ್ ಕಲ್ಲಿಗೆ ಹತ್ತಾರು ಗ್ರಾಂ. ಸಮುದ್ರದ ತಳದ ಕೆಸರು ಕರಗಿ ಹುಟ್ಟಿದ ಗ್ರಾನೈಟಾದರೆ ಜಾಸ್ತಿ, ಏಕೆಂದರೆ ಆ ಕೆಸರಿನಲ್ಲಿ ಸತ್ತ ಜೀವಿಗಳ ಸಾರಜನಕ ಇತ್ತು. ನಮ್ಮದು ಆ ಜಾತಿಯಲ್ಲ. ತುಮಕೂರಿನ ಪೂರ್ವಕ್ಕೆ ಹಾದುಹೋಗುವ ಕ್ಲೋಸ್‌ಪೇಟೆ ಗ್ರಾನೈಟ್ (ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ, ಅದರಿಂದ ಬಂದ ಹೆಸರು) ಸುಮಾರು 250 ಕೋಟಿ ವರ್ಷದ ಹಿಂದೆ, ಆಳದಿಂದ ಬಂದ ಶಿಲಾಪಾಕ ಮತ್ತು ಅದಕ್ಕೂ ಹಳೆಯ ನೈಸ್ ಶಿಲೆ ಕರಗಿ ಬೆರೆತು ಆದದ್ದು. ಗುಬ್ಬಿ, ಕುಣಿಗಲ್ ಕಡೆ ಬೋರ್ ಇಳಿಯುವುದು ಹೆಚ್ಚಾಗಿ ಆ ಹಳೆಯ ನೈಸಿಗೇ, ಅದು 300 ಕೋಟಿ ವರ್ಷದಾಚೆಯದ್ದು. ಇಂಥ ಕಲ್ಲಿನಲ್ಲಿ ಸಾರಜನಕ ವಿಶೇಷವಾಗಿ ಜಾಸ್ತಿ ಇರಲಿಕ್ಕೆ ಕಾರಣವೇ ಇಲ್ಲ. ಆದರೂ ಉದಾರವಾಗಿ ಟನ್ನಿಗೆ 50 ಗ್ರಾಂ ಅಂತ ಇಟ್ಟುಕೊಳ್ಳೋಣ. ಎದುರಾಳಿಗೆ ಅಷ್ಟು ರಿಯಾಯಿತಿ ಕೊಡೋಣ, ಏನಂತೀರಿ?

ಈಗ ನೀರಿನ ಕಡೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟುವಂತಿಲ್ಲ. "ಬೇರೆ ನೀರಿಲ್ಲದಿದ್ದರೆ ಇಷ್ಟರವರೆಗೆ ಪರವಾಗಿಲ್ಲ" ಅನ್ನುವ ವಿನಾಯಿತಿಯೂ ಇದಕ್ಕಿಲ್ಲ, ಫ್ಲೋರೈಡಿಗೆ ಇದೆ. ಯಾವುದೋ ಒಂದು ಬೋರಿನಲ್ಲಿ ಇದರ ಎರಡರಷ್ಟು, 90 ಮಿಲಿಗ್ರಾಂ ಬಂತು ಅನ್ನಿ. ಅದರೊಳಗಿನ ಬರೀ ಸಾರಜನಕ ಸುಮಾರು 20 ಮಿಲಿಗ್ರಾಂ. ಟನ್ನಿಗೆ 50 ಗ್ರಾಂ ಅಂದರೆ ಕೆಜಿಗೆ 50 ಮಿಲಿಗ್ರಾಂ. ಅಂದರೆ ಒಂದೊಂದು ಲೀಟರ್ ನೀರೂ 400 ಗ್ರಾಂ ಬಂಡೆಯನ್ನು ಪೂರ್ತಿ, ಚೂರೂ ಉಳಿಸದೆ ಅರಗಿಸಿಕೊಂಡಿರಬೇಕು! ಗ್ರಾನೈಟಿನಲ್ಲಿ ನೂರಕ್ಕೆ 70ರಷ್ಟು ಸಿಲಿಕಾ. ಆ ಲೀಟರಿನಲ್ಲಿ 280 ಗ್ರಾಂ ಸಿಲಿಕಾ ಇರಬೇಕಾಗುತ್ತೆ. ನಮ್ಮ ಬೋರುಗಳಲ್ಲಿ ಇರುವುದು ಮಿಲಿಗ್ರಾಂ ಲೆಕ್ಕದಲ್ಲಿ.

ಇಲ್ಲ, ಇಡೀ ಬಂಡೆ ಕರಗಬೇಕಿಲ್ಲ, ಕಾಗೆಬಂಗಾರ ಮಾತ್ರ ಕರಗಿದರೆ ಸಾಕು ಅಂತ ಒಬ್ಬ ಜಾಣ ಗೆಳೆಯ ವಾದ ಮಾಡಿದ. ಒಳ್ಳೆಯ ವಾದವೇ. ಆದರೆ ಅಮೋನಿಯಂ ಕೂತಿರುವುದು ಯಾರ ಸೀಟಿನಲ್ಲಿ? ಪೊಟ್ಯಾಸಿಯಂ ಸೀಟಿನಲ್ಲಿ. ಖನಿಜದ ಹಾಳೆ ಬಿಚ್ಚಿಕೊಂಡರೆ ಅಮೋನಿಯಂ ಒಂದೇ ಇಳಿದು ಬರಲ್ಲ, ಅಕ್ಕಪಕ್ಕದ ಪೊಟ್ಯಾಸಿಯಂ ಎಲ್ಲ ಜೊತೆಗೇ ಇಳಿಯುತ್ತೆ. ಗ್ರಾನೈಟಿನಲ್ಲಿ ಪೊಟ್ಯಾಸಿಯಂ ನೂರಕ್ಕೆ ಸುಮಾರು 4. ಅಂದರೆ ಒಂದು ಪಾಲು ಸಾರಜನಕಕ್ಕೆ 800 ಪಾಲು ಪೊಟ್ಯಾಸಿಯಂ. ಬರೀ ಬಯೋಟೈಟ್ ತಗೊಂಡರೂ ನೂರಾರು ಪಾಲು. ಹಾಗಾದರೆ ಆ 20 ಮಿಲಿಗ್ರಾಂ ಸಾರಜನಕದ ಜೊತೆ ಲೀಟರಿಗೆ 16 ಗ್ರಾಂ ಪೊಟ್ಯಾಸಿಯಂ ಬರಬೇಕು. ಸಮುದ್ರದ ನೀರಿನಲ್ಲೇ ಪೊಟ್ಯಾಸಿಯಂ ಲೀಟರಿಗೆ 0.4 ಗ್ರಾಂ ಇರುವುದು. ಅಂದರೆ ನಮ್ಮ ಬೋರ್ ನೀರು ಪೊಟ್ಯಾಸಿಯಂನಲ್ಲಿ ಅರಬ್ಬೀ ಸಮುದ್ರದ 40ರಷ್ಟು ಇರಬೇಕು :) ನಿಮ್ಮ ಮನೆಯ ವರದಿ ತೆಗೆದು ಪೊಟ್ಯಾಸಿಯಂ ಕಾಲಂ ನೋಡಿ, ಎಷ್ಟಿದೆ ಅಂತ. "ಪೊಟ್ಯಾಸಿಯಂ ಜೇಡಿಮಣ್ಣಿಗೆ ಅಂಟಿಕೊಂಡು ಉಳಿದಿರಬಹುದಲ್ಲ" ಅಂದರೆ, ಅಮೋನಿಯಂ ಕೂಡ ಅದೇ ಜೇಡಿಮಣ್ಣಿಗೆ ಅದೇ ಥರ ಅಂಟಿಕೊಳ್ಳುತ್ತೆ ಸ್ವಾಮಿ. ಸಾಲದ್ದಕ್ಕೆ ಅಮೋನಿಯಂ ನೈಟ್ರೇಟ್ ಆಗಬೇಕಾದರೆ ಆಮ್ಲಜನಕ ಬೇಕು, ಆ ಕೆಲಸ ಮಾಡುವ ಬ್ಯಾಕ್ಟೀರಿಯಾ ಬೇಕು. ಅವೆರಡೂ ಧಾರಾಳವಾಗಿರುವುದು ಮೇಲ್ಮಣ್ಣಿನಲ್ಲಿ, 800 ಅಡಿ ಕೆಳಗಿನ ಬಿರುಕಿನಲ್ಲಲ್ಲ.

ಫ್ಲೋರೈಡಿನ ಕಥೆ ಬೇರೆ, ಅದಕ್ಕೇ ಜನಕ್ಕೆ ಗೊಂದಲ. ಪಾವಗಡದ ಹಲ್ಲು ಕಂದಿದ ಮಕ್ಕಳನ್ನು, ಮೂಳೆ ಬಾಗಿದ ಹಿರಿಯರನ್ನು ನಮ್ಮ ಜಿಲ್ಲೆ ದಶಕಗಳಿಂದ ನೋಡಿದೆ. ಅದು ನಿಜಕ್ಕೂ ಕಲ್ಲಿನದೇ. ಗ್ರಾನೈಟಿನಲ್ಲಿ ಫ್ಲೋರಿನ್ ಕೆಜಿಗೆ ನೂರಾರು ಮಿಲಿಗ್ರಾಂ. ಲೀಟರಿಗೆ 1.5 ಮಿಲಿಗ್ರಾಂ ಮಿತಿ ಮುಟ್ಟಲು ಮೂರು ಗ್ರಾಂ ಕಲ್ಲಿನಷ್ಟು ಫ್ಲೋರಿನ್ ಸಾಕು. ನೈಟ್ರೇಟಿನ ಮಿತಿ ಮುಟ್ಟಲು 200 ಗ್ರಾಂ ಕಲ್ಲು ಬೇಕು. ಒಂದು ಪಾಠವನ್ನು ಸರಿಯಾಗಿ ಕಲಿತ ಜಿಲ್ಲೆ, ಆ ಪಾಠವನ್ನೇ ಎಲ್ಲದಕ್ಕೂ ಒಪ್ಪಿಸುತ್ತಿದೆ.

ತುಮಕೂರಿನಲ್ಲಿ ನೈಟ್ರೇಟ್ ಇರುವುದೇನೂ ನನ್ನ ಕಲ್ಪನೆಯಲ್ಲ. ತುಮಕೂರು ತಾಲ್ಲೂಕಿನ ಅಂತರ್ಜಲದ ಗುಣಮಟ್ಟದ ಸೂಚ್ಯಂಕ ಲೆಕ್ಕ ಹಾಕಿ ರಾಮಕೃಷ್ಣಯ್ಯ, ಸದಾಶಿವಯ್ಯ, ರಂಗಣ್ಣ ಅವರು 2009ರಲ್ಲೇ ಪ್ರಬಂಧ ಪ್ರಕಟಿಸಿದ್ದಾರೆ. ಸೂಚ್ಯಂಕ ಕೆಡಿಸಿದವರ ಪಟ್ಟಿಯಲ್ಲಿ ಕಬ್ಬಿಣ, ಗಡಸುತನ, ಫ್ಲೋರೈಡ್ ಜೊತೆ ನೈಟ್ರೇಟೂ ಇದೆ. ಕೇಂದ್ರ ಅಂತರ್ಜಲ ಮಂಡಳಿಯ 2024ರ ಗುಣಮಟ್ಟದ ವರದಿ ನೋಡಿ, ಕರ್ನಾಟಕದಲ್ಲಿ ಪರೀಕ್ಷಿಸಿದ ಮಾದರಿಗಳಲ್ಲಿ ನೂರಕ್ಕೆ ಹತ್ತಿರ ಹತ್ತಿರ 49 ನೈಟ್ರೇಟ್ ಮಿತಿ ದಾಟಿದ್ದವು. ನಮಗಿಂತ ಕೂದಲೆಳೆ ಮುಂದೆ ಇದ್ದದ್ದು ರಾಜಸ್ಥಾನ ಮಾತ್ರ. ಅದೇ ವರದಿಯ ಪ್ರಕಾರ ಮಿತಿ ಮೀರಿದ ನೈಟ್ರೇಟ್ ಸಿಕ್ಕ ಜಿಲ್ಲೆಗಳು ದೇಶದಲ್ಲಿ 2017ರಲ್ಲಿ 359 ಇದ್ದದ್ದು 2023ಕ್ಕೆ 440 ಆದವು. ಪರೀಕ್ಷೆ ಮಾಡುವ ಜಾಗಗಳೂ ಬದಲಾಗಿರಬಹುದು, ಒಪ್ಪೋಣ. ಆದರೆ 250 ಕೋಟಿ ವರ್ಷ ಸುಮ್ಮನೆ ಕೂತಿದ್ದ ಬಂಡೆ ಈ ಆರು ವರ್ಷದಲ್ಲಿ ಮನಸ್ಸು ಬದಲಾಯಿಸಿತೇ?

ಹಾಗಾದರೆ ಎಲ್ಲಿಂದ ಬರುತ್ತೆ? ಒಂದು ಚೀಲ ಯೂರಿಯಾ ತಗೊಳ್ಳಿ, ಈಗಿನ 45 ಕೆಜಿ ಚೀಲ. ಅದರಲ್ಲಿ ನೂರಕ್ಕೆ 46 ಸಾರಜನಕ, ಅಂದರೆ 20 ಕೆಜಿ 700 ಗ್ರಾಂ. ಇಷ್ಟು ಸಾರಜನಕ ಗ್ರಾನೈಟಿನಿಂದ ತೆಗೆಯಬೇಕಾದರೆ 400 ಟನ್ನಿಗೂ ಮೇಲೆ ಕಲ್ಲು ಬೇಕು. ಟಿಪ್ಪರ್ ಲೆಕ್ಕದಲ್ಲಿ ಇಪ್ಪತ್ತಕ್ಕೂ ಹೆಚ್ಚು ಲೋಡ್. ಗುಬ್ಬಿ ಕಡೆ ಒಬ್ಬ ರೈತ ಸ್ಕೂಟರಿನ ಮುಂದೆ ಇಟ್ಟುಕೊಂಡು ತೋಟಕ್ಕೆ ಹೋಗುವ ಒಂದು ಚೀಲ ಅದು.

ಇನ್ನು ನಾವು. ಒಬ್ಬ ಮನುಷ್ಯ ವರ್ಷಕ್ಕೆ ಮೂರು ಕೆಜಿಗೆ ಕಡಿಮೆ ಇಲ್ಲದಷ್ಟು ಸಾರಜನಕವನ್ನು ಹೊರಹಾಕುತ್ತಾನೆ, ಬಹುಪಾಲು ಮೂತ್ರದಲ್ಲಿ. 2011ರ ಜನಗಣತಿಯಲ್ಲಿ ತುಮಕೂರು ನಗರದ ಜನಸಂಖ್ಯೆ ಸುಮಾರು 3 ಲಕ್ಷ. ಆ ಲೆಕ್ಕಕ್ಕೇ ವರ್ಷಕ್ಕೆ 900 ಟನ್ ಸಾರಜನಕ ಆಯಿತು. ಕಲ್ಲಿನಿಂದ ಇಷ್ಟು ಬರಬೇಕಾದರೆ ಪ್ರತಿ ವರ್ಷ 1 ಕೋಟಿ 80 ಲಕ್ಷ ಟನ್ ಬಂಡೆ ಮಾಯವಾಗಬೇಕು. ದೇವರಾಯನದುರ್ಗ ಇನ್ನೂ ಅಲ್ಲೇ ಇದೆ, ಮೊನ್ನೆ ತಾನೇ ನೋಡಿದೆ.

ಈ 900 ಟನ್ನಿನಲ್ಲಿ ಒಂದು ಪಾಲು ಒಳಚರಂಡಿಗೆ ಹೋಗುತ್ತೆ. ಉಳಿದದ್ದು? ಬಡಾವಣೆಗಳ 30x40 ಸೈಟು ನೆನಪಿಸಿಕೊಳ್ಳಿ. ಮುಂದುಗಡೆ ಗೇಟಿನ ಪಕ್ಕ ಬೋರ್, ಹಿಂದುಗಡೆ ಪಿಟ್ಟು. ಪಕ್ಕದ ಮನೆಯವರು ವಾಸ್ತು ನೋಡಿಕೊಂಡು ಪಿಟ್ಟನ್ನು ಈ ಕಡೆ ತಂದಿರುತ್ತಾರೆ, ಅವರ ಪಿಟ್ಟು ನಮ್ಮ ಬೋರಿಗೆ ಹತ್ತೇ ಅಡಿ. ಪಿಟ್ಟಿನ ತಳಕ್ಕೆ ಕಾಂಕ್ರೀಟ್ ಹಾಕಿಸುವವರನ್ನು ನಾನು ನೋಡಿಲ್ಲ, "ನೀರು ಇಂಗಲಿ, ತುಂಬಬಾರದು" ಅನ್ನುವುದೇ ಎಲ್ಲರ ಆಸೆ. ಇಂಗುತ್ತೆ. ನೈಟ್ರೇಟ್ ಎಂಥ ವಸ್ತು ಅಂದರೆ ಮಣ್ಣಿಗೆ ಅಂಟಲ್ಲ, ನೀರು ಹೋದ ಕಡೆ ಹೋಗುತ್ತೆ. ಶಿಥಿಲ ಕಲ್ಲು ದಾಟಿ ಬಿರುಕು ಹಿಡಿದು, ಕೇಸಿಂಗ್ ಪೈಪಿನ ಸುತ್ತ ಸರಿಯಾಗಿ ಮುಚ್ಚದ ಸಂದಿಯಲ್ಲಿ ಇಳಿದು ಬೋರಿಗೆ ಸೇರುತ್ತೆ. ಬುಗುಡನಹಳ್ಳಿ ಕೆರೆಗೆ ಹೇಮಾವತಿ ಬರುತ್ತೆ, ನಲ್ಲಿಯಲ್ಲಿ ನೀರು ಬರುತ್ತೆ, ಸರಿ. ಬಂದ ನೀರೆಲ್ಲ ಬಚ್ಚಲಿನಿಂದ ಇಳಿಯುವುದೂ ಅದೇ ನೆಲಕ್ಕೇ.

ಈಗ ಐಸೋಟೋಪಿಗೆ ಬರೋಣ, ಏಕೆಂದರೆ "ಎಲ್ಲಿಂದ ಬಂತು ಅಂತ ಯಾರು ನೋಡಿದ್ದಾರೆ?" ಅನ್ನುವ ಪ್ರಶ್ನೆಗೆ ಅದರಲ್ಲಿ ಸ್ವಲ್ಪ ಉತ್ತರ ಇದೆ. ಸಾರಜನಕದಲ್ಲಿ ಎರಡು ಸ್ಥಿರ ಜಾತಿ, 14 ತೂಕದ್ದು ಮತ್ತು 15 ತೂಕದ್ದು. ಗಾಳಿಯ ಸಾರಜನಕದಲ್ಲಿ ಸಾವಿರಕ್ಕೆ 4ಕ್ಕಿಂತ ಕಡಿಮೆ ಮಾತ್ರ ಭಾರದ್ದು. ಗಾಳಿಯನ್ನು ಸೊನ್ನೆ ಅಂತ ಇಟ್ಟುಕೊಂಡು, ಭಾರದ್ದು ಎಷ್ಟು ಹೆಚ್ಚು ಎಷ್ಟು ಕಡಿಮೆ ಅಂತ ಸಾವಿರದ ಲೆಕ್ಕದಲ್ಲಿ ಹೇಳುತ್ತಾರೆ. ಯೂರಿಯಾ ತಯಾರಾಗುವುದು ಗಾಳಿಯ ಸಾರಜನಕದಿಂದ, ಅದಕ್ಕೆ ಅದರ ಅಂಕ ಸೊನ್ನೆಯ ಆಸುಪಾಸು. ಮಲಮೂತ್ರ, ಸಗಣಿಯ ನೈಟ್ರೇಟಿನದು ಸುಮಾರು 8ರಿಂದ 20. ಯಾಕೆ ಹೀಗೆ? ಕಣದಲ್ಲಿ ರಾಗಿ ತೂರಿದವರಿಗೆ ಹೇಳಿಕೊಡಬೇಕಿಲ್ಲ. ತಿಪ್ಪೆಯ ಹತ್ತಿರ ಮೂಗಿಗೆ ಹೊಡೆಯುವ ಆ ಅಮೋನಿಯಾ ಇದೆಯಲ್ಲ, ಅದರಲ್ಲಿ ಹಗುರ ಜಾತಿ ಬೇಗ ಹಾರಿಹೋಗುತ್ತೆ, ಭಾರದ್ದು ಹಿಂದೆ ಉಳಿಯುತ್ತೆ. ಹೊಟ್ಟು ಹಾರಿ ಕಾಳು ಉಳಿದ ಹಾಗೆ. ಬಂಡೆಯೊಳಗೂ ಇದೇ ತೂರಾಟ. ಶಿಲೆ ಕಾದಾಗ ಅಮೋನಿಯಂ ಸ್ವಲ್ಪ ಸ್ವಲ್ಪ ಬಿಟ್ಟುಹೋಗುತ್ತೆ, ಹೋಗುವಾಗ ಹಗುರದ್ದು ಮುಂದೆ, ಕಾಗೆಬಂಗಾರದಲ್ಲಿ ಉಳಿದದ್ದು ಭಾರದ್ದು.

ಇಲ್ಲೊಂದು ಎಚ್ಚರಿಕೆ. ಐಸೋಟೋಪ್ ಅಂದರೆ ಮಂತ್ರದಂಡ ಅಂದುಕೊಂಡವರೂ ಇದ್ದಾರೆ. ಗ್ರಾನೈಟಿನ ಸಾರಜನಕದ ಅಂಕ ಬಹಳ ಕಡೆ ಸೊನ್ನೆಗಿಂತ ಮೇಲೆ, 10ರವರೆಗೂ ಸಿಗುತ್ತೆ. ನಮ್ಮ ಹೊಲದ ಮಣ್ಣಿನ ಅಂಕವೂ ಆ ವ್ಯಾಪ್ತಿಯಲ್ಲೇ ಬೀಳುತ್ತೆ. ಹಾಗಾಗಿ ನೀರಿನ ನೈಟ್ರೇಟ್ 6 ತೋರಿಸಿತು ಅಂತ "ನೋಡಿ, ಕಲ್ಲಿನ ಅಂಕವೂ ಇದೇ" ಅನ್ನುವ ಹಾಗಿಲ್ಲ. ಮೊದಲು ಮೇಲಿನ ತೂಕದ ಲೆಕ್ಕ, ಅದರಲ್ಲೇ ಕಲ್ಲು ಖುಲಾಸೆ. ಆಮೇಲೆ ಉಳಿದ ಆರೋಪಿಗಳ ನಡುವೆ, ಚೀಲವೋ ಪಿಟ್ಟೋ ತಿಪ್ಪೆಯೋ ಅಂತ ವಿಚಾರಿಸಲು ಐಸೋಟೋಪ್. ಅದಕ್ಕೂ ನೈಟ್ರೇಟಿನ ಆಮ್ಲಜನಕದ ಐಸೋಟೋಪನ್ನು ಜೊತೆಗೆ ನೋಡಬೇಕು. ಗಾಳಿ ಸಿಗದ ಆಳದಲ್ಲಿ ಬ್ಯಾಕ್ಟೀರಿಯಾ ನೈಟ್ರೇಟನ್ನು ಅನಿಲವಾಗಿ ಬಿಟ್ಟುಬಿಡುವಾಗಲೂ ಉಳಿದದ್ದು ಭಾರವಾಗುತ್ತೆ, ಯೂರಿಯಾದ ನೈಟ್ರೇಟೇ ಪಿಟ್ಟಿನದರ ಹಾಗೆ ವೇಷ ಹಾಕಿಕೊಳ್ಳಬಹುದು. ಗುಬ್ಬಿ ವೀರಣ್ಣನವರ ಊರಿನ ನೀರಲ್ಲವೇ, ವೇಷ ಹಾಕದೆ ಇರುತ್ತಾ :)

ಸಾವಯವ ಕೃಷಿಯ ಬ್ಲಾಗ್ ಮಿತ್ರರಿಗೂ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಕಲ್ಲಿನ ಮೇಲಿಂದ ಇಳಿಸಿದ ಗೂಬೆಯನ್ನು ಯೂರಿಯಾ ಚೀಲದ ಮೇಲೊಂದೇ ಕೂರಿಸಲು ನೀವು ಕಾಯುತ್ತಿರುತ್ತೀರಿ. ಕುಣಿಗಲ್ ಕಡೆಯ ಒಬ್ಬ ಗೆಳೆಯ "ನಮ್ಮ ತೋಟಕ್ಕೆ ಚೀಲದ ಗೊಬ್ಬರ ಕಾಲಿಟ್ಟಿಲ್ಲ, ಆದರೂ ನೈಟ್ರೇಟ್ ಬಂದಿದೆ, ಹಾಗಾದರೆ ಕಲ್ಲೇ" ಅಂದ. ಅವನ ಮನೆಗೆ ಹೋಗಿದ್ದೆ. ಬೋರಿನಿಂದ ಇಪ್ಪತ್ತು ಹೆಜ್ಜೆಗೆ ಕೊಟ್ಟಿಗೆ, ಅದರ ಹಿಂದೆ ಅವರಜ್ಜನ ಕಾಲದ ತಿಪ್ಪೆಗುಂಡಿ. ನಾಟಿ ಹಸುವಿನ ಗಂಜಲದ ನೈಟ್ರೇಟೂ ನೈಟ್ರೇಟೇ, ಮಗುವಿನ ರಕ್ತಕ್ಕೆ ವ್ಯತ್ಯಾಸ ಗೊತ್ತಾಗಲ್ಲ.

ಮಗು ಅಂದೆನಲ್ಲ, ನನ್ನ ಸಿಟ್ಟಿಗೆ ಕಾರಣ ಅದೇ. ಆರು ತಿಂಗಳೊಳಗಿನ ಕೂಸಿಗೆ ಪುಡಿ ಹಾಲನ್ನು ಇಂಥ ನೀರಿನಲ್ಲಿ ಕಲಸಿ ಕೊಟ್ಟರೆ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಂದಿ ಮೈ ನೀಲಿಯಾಗಬಹುದು. ಅಮೆರಿಕದ ಅಯೋವಾದ ಬಾವಿ ನೀರು ಕುಡಿದ ಕೂಸುಗಳಲ್ಲಿ ಇದನ್ನು ಹಂಟರ್ ಕಾಮ್ಲಿ ಎಂಬ ವೈದ್ಯರು 1945ರಲ್ಲೇ ಬರೆದಿಟ್ಟಿದ್ದಾರೆ. ನಮ್ಮಲ್ಲಿ ಅಜ್ಜಿಯರು "ಚೆನ್ನಾಗಿ ಕುದಿಸಿ ಕೊಡೇ" ಅಂತಾರೆ. ಕುದಿಸಿದರೆ ರೋಗಾಣು ಸಾಯುತ್ತೆ ನಿಜ, ನೈಟ್ರೇಟ್ ಸಾಯಲ್ಲ. ನೀರು ಆವಿಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತೆ. ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸುವುದು ಸದ್ಯಕ್ಕೆ ದಾರಿ, ಅಲ್ಲಿನ ಆರ್‌ಓ ನೈಟ್ರೇಟನ್ನು ಬಹಳಮಟ್ಟಿಗೆ ಹಿಡಿಯುತ್ತೆ. ಹಿಡಿದದ್ದನ್ನು ಪೈಪಿನಲ್ಲಿ ಪಕ್ಕದ ಚರಂಡಿಗೆ ಬಿಡುತ್ತಾರೆ. ಚರಂಡಿ ಎಲ್ಲಿಗೆ ಹೋಗುತ್ತೆ ಅಂತ ಹೇಳಬೇಕೇ?

ಕಲ್ಲು ಅಂದುಬಿಟ್ಟರೆ ಯಾರಿಗೂ ನೋಟಿಸ್ ಕೊಡುವ ಹಾಗಿಲ್ಲ, ಯಾರ ಪಿಟ್ಟನ್ನೂ ಮುಚ್ಚಿಸುವ ಹಾಗಿಲ್ಲ, ಒಳಚರಂಡಿ ಯಾಕೆ ಈ ಬಡಾವಣೆಗೆ ಬಂದಿಲ್ಲ ಅಂತ ಕೇಳುವ ಹಾಗೂ ಇಲ್ಲ. ಅದಕ್ಕೇ ಈ ಮಾತು ಎಲ್ಲರಿಗೂ ಇಷ್ಟ.

ವಾಟ್ಸಾಪಿನವರು ನೆಚ್ಚಿಕೊಂಡಿರುವ ಸಂಶೋಧನೆಯೂ ಸುಳ್ಳಲ್ಲ, ಅದಕ್ಕೂ ನ್ಯಾಯ ಸಲ್ಲಬೇಕು. ಕ್ಯಾಲಿಫೋರ್ನಿಯಾದಲ್ಲಿ ಹಾಲೋವೇ ಮತ್ತು ಡಾಲ್‌ಗ್ರೆನ್ ಅವರ ತಂಡ 1998ರಲ್ಲಿ ತೊರೆಯ ನೀರಿನ ನೈಟ್ರೇಟಿಗೆ ಬಂಡೆಯೇ ಮೂಲ ಅಂತ ತೋರಿಸಿತ್ತು. 2018ರಲ್ಲಿ ಹೂಲ್ಟನ್ ಮತ್ತವರ ಜೊತೆಗಾರರು ಕಾಡುಗಳಿಗೆ ಬರುವ ಸಾರಜನಕದಲ್ಲಿ ಕಾಲು ಭಾಗದವರೆಗೂ ಶಿಲೆಯಿಂದ ಬರಬಹುದು ಅಂದರು. ಆದರೆ 1998ರದು ಕೆಸರುಗಲ್ಲು ರೂಪಾಂತರವಾದ ಶಿಲೆ, ಅದರಲ್ಲಿ ಸಾರಜನಕ ಗ್ರಾನೈಟಿನ ಹತ್ತಿಪ್ಪತ್ತು ಪಟ್ಟು. 2018ರದು ಗೊಬ್ಬರ ಕಾಣದ, ಪಿಟ್ಟಿಲ್ಲದ ಕಾಡಿನ ಲೆಕ್ಕ. ನಮ್ಮ ಜಿಲ್ಲೆಯಲ್ಲಿ ಆ ಥರದ್ದು ಹುಡುಕಬೇಕಾದರೆ ಚಿಕ್ಕನಾಯಕನಹಳ್ಳಿ ಕಡೆ, ಚಿತ್ರದುರ್ಗ ಶಿಸ್ಟ್ ಪಟ್ಟಿಯ ಇಂಗಾಲ ಬೆರೆತ ಕಪ್ಪು ಫಿಲೈಟುಗಳ ಹತ್ತಿರ ಹೋಗಬೇಕು. ಅಲ್ಲಿ ಯಾರಾದರೂ ಕಲ್ಲಿನ ಸಾರಜನಕ ಅಳೆದರೆ ನಾನೇ ಮೊದಲು ಓದ್ತೀನಿ.

ಐಸೋಟೋಪ್ ಅಳೆಯುವ ಯಂತ್ರಕ್ಕೆ ಅಮೆರಿಕಕ್ಕೆ ಹೋಗಬೇಕಿಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಸ್ಥಿರ ಐಸೋಟೋಪುಗಳ ಪ್ರಯೋಗಾಲಯ ಇದೆ, ಅಹಮದಾಬಾದಿನ ಪಿಆರ್‌ಎಲ್ ಇದೆ, ನೀರಿನ ಐಸೋಟೋಪಿನಲ್ಲಿ ಬಿಎಆರ್‌ಸಿಗೆ ದಶಕಗಳ ಅನುಭವ ಇದೆ. ತುಮಕೂರು ನಗರದ ಹತ್ತು, ಗುಬ್ಬಿಯ ತೋಟಗಳ ಹತ್ತು, ಕುಣಿಗಲ್ ದೊಡ್ಡಕೆರೆ ಆಸುಪಾಸಿನ ಹತ್ತು ಬೋರುಗಳ ನೀರು ತುಂಬಿಸಿ ಕಳಿಸಿದರೆ ಒಂದು ಶುರುವಾತು ಆಗುತ್ತೆ. ಅಲ್ಲಿಯವರೆಗೆ ಬಡವರ ಐಸೋಟೋಪ್ ಒಂದಿದೆ, ಕ್ಲೋರೈಡ್. ನಾವು ತಿನ್ನುವ ಉಪ್ಪು ಪಿಟ್ಟಿಗೇ ಇಳಿಯುವುದು, ಗ್ರಾನೈಟಿನಲ್ಲಿ ಕ್ಲೋರೈಡ್ ತೀರಾ ಕಡಿಮೆ. ನಿಮ್ಮ ವರದಿಯಲ್ಲಿ ನೈಟ್ರೇಟ್ ಮತ್ತು ಕ್ಲೋರೈಡ್ ಎರಡೂ ಒಟ್ಟಿಗೆ ಏರಿದ್ದರೆ ಹಿತ್ತಿಲಿಗೆ ಹೋಗಿ ಟೇಪ್ ಹಿಡಿದು ಪಿಟ್ಟಿಗೆ ಎಷ್ಟು ಅಡಿ ಅಂತ ಅಳೆಯಿರಿ, ಪಕ್ಕದವರ ಪಿಟ್ಟನ್ನೂ ಸೇರಿಸಿ. ಬರೀ ನೈಟ್ರೇಟ್ ಏರಿ ಕ್ಲೋರೈಡ್ ಏರದಿದ್ದರೆ ಗೊಬ್ಬರದ ಕಡೆ ನೋಡಿ.

ಕುಣಿಗಲ್ ಗೆಳೆಯ ಬೈದುಕೊಂಡೇ ತನ್ನ ಹಳೆಯ ವರದಿ ಹುಡುಕಿ ಕಳಿಸ್ತೀನಿ ಅಂದಿದ್ದಾನೆ. ಪೊಟ್ಯಾಸಿಯಂ, ಕ್ಲೋರೈಡ್ ಎರಡೂ ಕಾಲಂ ಭರ್ತಿ ಇದ್ದರೆ ಅವನ ಒಪ್ಪಿಗೆ ತಗೊಂಡು ಇಲ್ಲೇ ಲೆಕ್ಕ ಹಾಕಿ ತೋರಿಸ್ತೀನಿ.